ತುಕ್ಕು ಹಿಡಿದ ಬೋಲ್ಟು ದಿನವಿಡೀ ಟಂಬ್ಲರಿನಲ್ಲಿ ಓಡಿದರೂ ತುಕ್ಕು ಯಾಕೆ ಬಿಡುವುದಿಲ್ಲ?

ಪ್ರಶ್ನೆ: "ಹಳೇ ಮೋಟಾರ್‌ಸೈಕಲ್ ಒಂದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುತ್ತಿದ್ದೇನೆ. ನಟ್ಟು, ಬೋಲ್ಟು, ವಾಷರ್ ಸೇರಿ ದೊಡ್ಡ ಡಬ್ಬಿ ತುಂಬ ಇವೆ. ಹೆಚ್ಚುಕಡಿಮೆ ಎಲ್ಲಕ್ಕೂ ತುಕ್ಕು. ಒಂದೊಂದನ್ನೇ ತಂತಿ ಬ್ರಷ್ಷಿನಿಂದ ಉಜ್ಜಿ ಕೈ ಸೋತು, ಸಾಮಾನನ್ನು ಪುಡಿಯ ಜೊತೆ ನಡುಗಿಸಿ ಶುಚಿ ಮಾಡುವ ಚಿಕ್ಕದೊಂದು ಯಂತ್ರ, ವೈಬ್ರೇಟರಿ ಟಂಬ್ಲರ್, ತಂದೆ. ಜೊತೆಗೆ ಬಂದ ವಾಲ್‌ನಟ್ ಚಿಪ್ಪಿನ ಪುಡಿ ಹಾಕಿ ಇಡೀ ದಿನ ಓಡಿಸಿದೆ. ಬೋಲ್ಟಿನ ತಲೆ ಸ್ವಲ್ಪ ಹೊಳೆಯಿತು, ಅಷ್ಟೇ. ಥ್ರೆಡ್‌ನ ಸಂದಿ, ನಟ್ಟಿನ ಒಳಭಾಗ ಹಾಗೇ ಕಂದು. ಪುಡಿ ಹೋಗಲಿ ಎಂದು ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಿದೆ. ಊಟ ಮಾಡಿ ಬರುವಷ್ಟರಲ್ಲಿ ಹೊಳೆಯುತ್ತಿದ್ದ ಜಾಗವೂ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಟಂಬ್ಲರ್ ಥ್ರೆಡ್ ಹಾಳು ಮಾಡುತ್ತದೆ, ಬೋಲ್ಟಿನ ಬಲ ಹೋಗುತ್ತದೆ ಎಂದು ಸ್ನೇಹಿತ ಹೇಳುತ್ತಾನೆ. ಆಸಿಡ್‌ನಲ್ಲಿ ಮುಳುಗಿಸಿಬಿಡಿ, ಹತ್ತು ನಿಮಿಷದ ಕೆಲಸ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಟಂಬ್ಲರಿಗೆ ನೀರು ಹಾಕಿ ಓಡಿಸಬಹುದಾ? ಈ ಬೋಲ್ಟುಗಳನ್ನು ಮತ್ತೆ ಬೈಕಿಗೆ ಹಾಕಬಹುದಾ?"

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿವೆ. ತುಕ್ಕು ಬಿಡದೇ ಹೋಗಿದ್ದು ಒಂದು. ಬಿಟ್ಟ ಕಡೆ ಮತ್ತೆ ಬಂದಿದ್ದು ಇನ್ನೊಂದು. ಶುಚಿಯಾದ ಬೋಲ್ಟನ್ನು ನಂಬಬಹುದಾ ಎನ್ನುವುದು ಮೂರನೆಯದು. ನನ್ನ ಪ್ರಕಾರ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಆದರೆ ಜನ ಅದನ್ನು ಕೇಳುವುದು ಕಡಿಮೆ. ನೀವು ಕೇಳಿದ್ದೀರಿ, ಸಂತೋಷ. ಟಂಬ್ಲರ್ ತುಕ್ಕನ್ನು ತೆಗೆಯುತ್ತದೆ. ಆದರೆ ತುಕ್ಕು ಈಗಾಗಲೇ ತಿಂದುಹಾಕಿದ ಕಬ್ಬಿಣವನ್ನು ವಾಪಸ್ ತಂದುಕೊಡುವುದಿಲ್ಲ.

ನಿಮ್ಮ ಯಂತ್ರ ಕೆಟ್ಟಿಲ್ಲ, ನೀವು ಓಡಿಸಿದ ರೀತಿಯಲ್ಲೂ ದೊಡ್ಡ ತಪ್ಪಿಲ್ಲ. ಒಳಗೆ ಹಾಕಿದ ಪದಾರ್ಥ ಈ ಕೆಲಸದ್ದಲ್ಲ, ಅಷ್ಟೇ.

ವೈಬ್ರೇಟರಿ ಟಂಬ್ಲರ್ ತಾನಾಗಿ ಏನನ್ನೂ ಉಜ್ಜುವುದಿಲ್ಲ. ಬೋಗುಣಿ ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತದೆ. ಕೆಳಗಿನ ಮೋಟರಿನ ಶಾಫ್ಟಿಗೆ ಒಂದು ಪಕ್ಕಕ್ಕೆ ವಾಲಿದ ತೂಕ ಕಟ್ಟಿರುತ್ತಾರೆ. ಅದು ತಿರುಗಿದಾಗ ಬೋಗುಣಿ ನಡುಗುತ್ತದೆ, ಒಳಗಿರುವುದೆಲ್ಲ ನಿಧಾನವಾಗಿ ಮಗುಚುತ್ತ ಸುತ್ತು ಹೊಡೆಯುತ್ತದೆ. ಉಜ್ಜುವ ಕೆಲಸವೆಲ್ಲ ಬೋಲ್ಟಿನ ಸುತ್ತ ತುಂಬಿರುವ ಪುಡಿ ಅಥವಾ ಕಲ್ಲುಗಳದ್ದು. ವರ್ಕ್‌ಶಾಪಿನಲ್ಲಿ ಇದಕ್ಕೆ ಮೀಡಿಯಾ ಎನ್ನುತ್ತೇವೆ. ಮೀಡಿಯಾ ಸರಿ ಇಲ್ಲದಿದ್ದರೆ ಒಂದು ದಿನ ಓಡಿಸಿದರೂ ಒಂದೇ, ಒಂದು ವಾರ ಓಡಿಸಿದರೂ ಒಂದೇ.

ವಾಲ್‌ನಟ್ ಚಿಪ್ಪಿನ ಗಡಸುತನ 1ರಿಂದ 10ರ ತನಕದ ಮೋಸ್ ಮಾಪಕದಲ್ಲಿ ಸುಮಾರು 3ರಿಂದ 4. ಗಟ್ಟಿಯಾಗಿ ಅಂಟಿದ ತುಕ್ಕಿನಲ್ಲಿರುವ ಕಬ್ಬಿಣದ ಆಕ್ಸೈಡುಗಳದ್ದು 5ರಿಂದ 6ರ ಆಸುಪಾಸು. ಮೆತ್ತಗಿರುವುದು ಗಟ್ಟಿಯಾದದ್ದನ್ನು ಕೊರೆಯಲಾರದು, ಅಲ್ವಾ? ಸಡಿಲವಾಗಿ ಕೂತ ಮೇಲಿನ ಪುಡಿ ತುಕ್ಕನ್ನು ಚಿಪ್ಪು ಒರೆಸಿ ತೆಗೆಯಿತು. ಬೋಲ್ಟಿನ ತಲೆಯ ಮೇಲೆ ನಿಮಗೆ ಕಂಡ ಹೊಳಪು ಅದೇ. ವಾಲ್‌ನಟ್ ಚಿಪ್ಪು, ಮೆಕ್ಕೆಜೋಳದ ಬೆಂಡಿನ ಪುಡಿ ಇವೆರಡೂ ಮೂಲತಃ ಪಾಲಿಶ್ ಮಾಡುವ, ತೇವ ಹೀರುವ ಪದಾರ್ಥಗಳು. ಹಿತ್ತಾಳೆಯ ಸಾಮಾನಿಗೆ ಬಹಳ ಚೆನ್ನ. ಅವನ್ನು ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತವೆ.

ತುಕ್ಕು ಕೊರೆಯಲು ಬೇಕಾಗಿರುವುದು ಸೆರಾಮಿಕ್ ಮೀಡಿಯಾ. ಅಲ್ಯೂಮಿನಿಯಂ ಆಕ್ಸೈಡಿನಂಥ ಗಟ್ಟಿ ಹರಳುಗಳನ್ನು ಜೇಡಿಯಲ್ಲಿ ಬೆರೆಸಿ, ತ್ರಿಕೋನ, ಉರುಳೆ, ಓರೆಯಾಗಿ ಕತ್ತರಿಸಿದ ಕಡ್ಡಿ ಹೀಗೆ ಬೇರೆ ಬೇರೆ ಆಕಾರ ಕೊಟ್ಟು ಸುಟ್ಟ ತುಂಡುಗಳು ಇವು. ಆ ಹರಳಿನ ಗಡಸುತನ 9. ರಾಳದಲ್ಲಿ ಹರಳು ಬೆರೆಸಿದ ಪ್ಲಾಸ್ಟಿಕ್ ಮೀಡಿಯಾವೂ ಸಿಗುತ್ತದೆ, ಅದು ಅಲ್ಯೂಮಿನಿಯಂ, ಹಿತ್ತಾಳೆಗೆ ಸರಿ. ಉಕ್ಕಿನ ತುಕ್ಕಿಗೆ ಸೆರಾಮಿಕ್ಕೇ ಬೇಕು.

ಆದರೆ ಅಂಗಡಿಗೆ ಓಡುವ ಮೊದಲು ಎರಡು ವಿಷಯ ಕೇಳಿ.

ಒಂದು, ತೂಕ. ಒಂದು ಲೀಟರ್ ವಾಲ್‌ನಟ್ ಚಿಪ್ಪು ಒಂದು ಕಿಲೋ ಕೂಡ ತೂಗುವುದಿಲ್ಲ. ಅಷ್ಟೇ ಸೆರಾಮಿಕ್ ಸುಮಾರು ಅದರ ಎರಡರಷ್ಟು ತೂಗುತ್ತದೆ. ಅದರ ಮೇಲೆ ಉಕ್ಕಿನ ಬೋಲ್ಟು ಬೇರೆ. ಚಿಪ್ಪಿನ ಪುಡಿಗೆಂದು ಮಾಡಿದ ಚಿಕ್ಕ ಯಂತ್ರದ ಬೋಗುಣಿಯನ್ನು ಸೆರಾಮಿಕ್ಕಿನಿಂದ ತುಂಬಿದರೆ ಸ್ಪ್ರಿಂಗ್ ಕುಸಿದು ಕೂರುತ್ತವೆ. ಮೋಟರ್ ಗುಂಯ್ ಎನ್ನುತ್ತಿರುತ್ತದೆ, ಒಳಗೆ ಏನೂ ಮಗುಚುವುದಿಲ್ಲ. ಯಂತ್ರದ ಮೇಲೆ ಬರೆದಿರುವ ತೂಕದ ಮಿತಿ ಮೀಡಿಯಾ, ಬೋಲ್ಟು, ನೀರು ಎಲ್ಲ ಸೇರಿದ್ದು ಎಂದು ತಿಳಿಯಿರಿ.

ಎರಡು, ನೀರು. ಸೆರಾಮಿಕ್ ಮೀಡಿಯಾ ಒದ್ದೆಯಲ್ಲೇ ಕೆಲಸ ಮಾಡಬೇಕು. ಒಣಗಿದ್ದರೆ ಉಜ್ಜಿ ಬಿದ್ದ ಪುಡಿ ಅದರ ರಂಧ್ರಗಳಲ್ಲೇ ತುಂಬಿಕೊಂಡು ಕೊರೆಯುವುದು ನಿಲ್ಲುತ್ತದೆ, ಧೂಳೂ ಏಳುತ್ತದೆ. ನಿಮ್ಮದು ಚಿಪ್ಪಿನ ಪುಡಿಯ ಜೊತೆ ಬಂದಿದೆ ಎಂದರೆ ಹೆಚ್ಚಾಗಿ ಒಣ ಕೆಲಸದ ಯಂತ್ರವೇ ಇರಬೇಕು. ಅದರ ಬೋಗುಣಿಯ ನಡುವೆ ಯಂತ್ರದ್ದೇ ಬೋಲ್ಟು ಹಾದುಹೋಗುವ ತೂತಿರುತ್ತದೆ, ಸರಿಯಾಗಿ ಅದರ ಕೆಳಗೇ ಮೋಟರ್ ಇರುತ್ತದೆ. ನೀರು ಜಿನುಗಿದರೆ ಮೋಟರ್ ಸುಡುವುದಷ್ಟೇ ಅಲ್ಲ, ಕರೆಂಟ್ ಹೊಡೆಯಬಹುದು. ಹಾಗಾಗಿ ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ಯಂತ್ರದ ಕೈಪಿಡಿಯಲ್ಲಿ ಒದ್ದೆ ಕೆಲಸಕ್ಕೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನೀರು ಹಾಕಿ. ಇಲ್ಲದಿದ್ದರೆ ಒಂದು ಲೋಟವೂ ಬೇಡ. ಸಿಲಿಕೋನ್ ಹಚ್ಚಿ ತೂತು ಮುಚ್ಚುತ್ತೇನೆ ಎಂದು ಹೊರಡಬೇಡಿ. ಗಂಟೆಗಟ್ಟಲೆ ನಡುಗುವ ಬೋಗುಣಿಯಲ್ಲಿ ಆ ಅಂಟು ಯಾವಾಗ ಬಿಡುತ್ತದೋ ಹೇಳಲಾಗದು.

ಒದ್ದೆ ಯಂತ್ರ ಇದ್ದರೆ

ಒದ್ದೆ ಕೆಲಸದ ಯಂತ್ರ ನಿಮ್ಮ ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲ ಕೆಲಸ ಗ್ರೀಸ್ ತೆಗೆಯುವುದು. ಇದನ್ನು ಬಿಟ್ಟವರೇ ಜಾಸ್ತಿ. ಎಣ್ಣೆ ಜಿಡ್ಡಿನ ಬೋಲ್ಟು ಹಾಕಿದರೆ ಮೀಡಿಯಾದ ಮೇಲೆ ಜಿಡ್ಡು ಮೆತ್ತಿ, ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ಅದು ಏನನ್ನೂ ಕೊರೆಯುವುದಿಲ್ಲ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬೋಲ್ಟುಗಳನ್ನು ನೆನೆಸಿ, ಬ್ರಷ್ ಮಾಡಿ, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೀಮೆಎಣ್ಣೆಯ ವಾಸನೆ ಪೂರ್ತಿ ಹೋದ ಮೇಲಷ್ಟೇ ಯಂತ್ರಕ್ಕೆ ಹಾಕಿ.

ಆಮೇಲೆ ಅಳತೆ. ಬೋಗುಣಿ ನೂರಕ್ಕೆ ಸುಮಾರು ಎಂಬತ್ತೈದು ಭಾಗ ತುಂಬಿರಬೇಕು. ಅರ್ಧ ತುಂಬಿದ ಬೋಗುಣಿಯಲ್ಲಿ ಬೋಲ್ಟುಗಳು ಕುಣಿದಾಡಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಬೋಲ್ಟು ಒಂದು ಪಾಲಾದರೆ ಮೀಡಿಯಾ ಕನಿಷ್ಠ ಮೂರು ಪಾಲು, ಅದೂ ತೂಕದಲ್ಲಲ್ಲ, ಜಾಗದ ಲೆಕ್ಕದಲ್ಲಿ. ಸಣ್ಣ ಥ್ರೆಡ್‌ನ, ಉಳಿಸಿಕೊಳ್ಳಲೇಬೇಕಾದ ಬೋಲ್ಟುಗಳಾದರೆ ನಾನು ಐದು ಪಾಲು ಹಾಕುತ್ತೇನೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಪರವಾಗಿಲ್ಲ.

ನೀರು ಎಷ್ಟು? ಮೀಡಿಯಾ ಒದ್ದೆಯಾಗಿ ಮಿರುಗಬೇಕು, ತಳದಲ್ಲಿ ನೀರು ನಿಲ್ಲಬಾರದು. ನೀರು ಜಾಸ್ತಿಯಾದರೆ ಮೀಡಿಯಾ ಜಾರುತ್ತದೆ, ಉಜ್ಜುವುದಿಲ್ಲ. ನಾಲ್ಕು ಹನಿ ಸೋಪು ಸಾಕು, ನೊರೆ ಎದ್ದರೆ ಅದೂ ಜಾಸ್ತಿಯಾಯಿತು ಎಂದೇ ಅರ್ಥ. ಸರಿಯಾಗಿ ಓಡುತ್ತಿದೆಯಾ ಎಂದು ತಿಳಿಯಲು ಒಂದು ಬೋಲ್ಟಿನ ತಲೆಗೆ ಬಣ್ಣ ಹಚ್ಚಿ ಹಾಕಿ. ಅದು ಸ್ವಲ್ಪ ಸ್ವಲ್ಪ ಹೊತ್ತಿಗೆ ಮೇಲೆ ಕಾಣಿಸಿಕೊಂಡು ಮತ್ತೆ ಮುಳುಗಬೇಕು. ತಳ ಹಿಡಿದು ಕೂತರೆ ತೂಕ ಜಾಸ್ತಿಯಾಗಿದೆ, ಸ್ವಲ್ಪ ಬೋಲ್ಟು ತೆಗೆಯಿರಿ.

ಒಂದೆರಡು ಗಂಟೆಯಲ್ಲಿ ನೀರು ಕಾಫಿ ಬಣ್ಣಕ್ಕೆ ಬರುತ್ತದೆ. ಆ ನೀರನ್ನು ಚೆಲ್ಲಿ, ಮೀಡಿಯಾ ತೊಳೆದು, ಹೊಸ ನೀರು ಹಾಕಿ. ಕೆಸರಿನಲ್ಲೇ ಓಡಿಸಿದರೆ ತೆಗೆದ ತುಕ್ಕನ್ನೇ ಮತ್ತೆ ಬೋಲ್ಟಿಗೆ ಮೆತ್ತಿದಂತಾಗುತ್ತದೆ. ಮೇಲ್ಮೈ ತುಕ್ಕಾದರೆ ಎರಡು ಗಂಟೆಯೊಳಗೆ ಬಿಡುತ್ತದೆ. ಹಳೇ, ಪದರ ಪದರವಾಗಿ ಕೂತ ತುಕ್ಕಿಗೆ ಎಂಟು ಗಂಟೆಯೂ ಆಗಬಹುದು, ಇಡೀ ರಾತ್ರಿಯೂ ಆಗಬಹುದು. ಮುಗಿದ ಬೋಲ್ಟು ಕನ್ನಡಿಯಂತೆ ಹೊಳೆಯುವುದಿಲ್ಲ. ಮಂಕು ಬೂದು ಬಣ್ಣ ಬರುತ್ತದೆ. ತುಕ್ಕು ಆಳಕ್ಕೆ ಇಳಿದಿದ್ದ ಕಡೆ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಆ ಚುಕ್ಕೆಗಳನ್ನು ನೆನಪಿಟ್ಟುಕೊಳ್ಳಿ, ಅವುಗಳ ಬಗ್ಗೆ ಆಮೇಲೆ ಹೇಳುತ್ತೇನೆ.

ಥ್ರೆಡ್‌ನ ಸಂದಿ, ನಟ್ಟಿನ ಒಳಗು ಯಾಕೆ ಕಂದಾಗೇ ಉಳಿಯಿತು ಎಂದು ಕೇಳಿದ್ದೀರಿ. ಎಂ8, ಅಂದರೆ 8 ಮಿಮೀ ದಪ್ಪದ ಥ್ರೆಡ್‌ನ ಬೋಲ್ಟನ್ನೇ ತೆಗೆದುಕೊಳ್ಳಿ. ಅದರ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 1.25 ಮಿಮೀ. ಸಂದಿಯ ಆಳ ಸುಮಾರು 0.77 ಮಿಮೀ. ಗೋಡೆಗಳ ನಡುವಿನ ಕೋನ 60 ಡಿಗ್ರಿ. ಈ ಸಂದಿಯ ತಳ ಮುಟ್ಟಲು ಮೀಡಿಯಾಕ್ಕೆ ಚೂಪಾದ ಅಂಚಿರಬೇಕು, ಇಲ್ಲವೇ ತುಂಬ ಸಣ್ಣದಿರಬೇಕು. ಹೊಸ ತ್ರಿಕೋನದ ಮೂಲೆ ಅಲ್ಲಿಗೆ ಇಳಿಯುತ್ತದೆ. ಕೆಲವು ಸಲ ಓಡಿದ ಮೇಲೆ ಮೂಲೆ ಉರುಟಾಗಿ, ಥ್ರೆಡ್‌ನ ತುದಿಯನ್ನಷ್ಟೇ ಸವರುತ್ತ ಹೋಗುತ್ತದೆ.

ನಟ್ಟು ಇನ್ನೂ ಕಷ್ಟ. ಎಂ8 ನಟ್ಟಿನ ತೂತು ಸುಮಾರು 6.7 ಮಿಮೀ. ಅದಕ್ಕೆ ನಾಲ್ಕೈದು ಮಿಮೀ ಮೀಡಿಯಾ ಹಾಕಿದರೆ ಎರಡು ತುಂಡು ಒಟ್ಟಿಗೆ ನುಗ್ಗಿ, ಒಂದಕ್ಕೊಂದು ಆತುಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ಪ್ರತಿ ನಟ್ಟಿನಿಂದಲೂ ಮೊಳೆ ಹೊಡೆದು ಕಲ್ಲು ಬಿಡಿಸುವುದು ತುಕ್ಕು ಉಜ್ಜುವುದಕ್ಕಿಂತ ಬೇಸರದ ಕೆಲಸ. ಮೀಡಿಯಾ ಒಂದೋ ತೂತಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು, ಇಲ್ಲವೇ ತೂತಿಗೆ ಹೋಗಲಾರದಷ್ಟು ದೊಡ್ಡದಿರಬೇಕು. ನಡುವಿನ ಅಳತೆ ಬೇಡವೇ ಬೇಡ. ಬೋಲ್ಟುಗಳನ್ನು ಹತ್ತು ಮಿಮೀ ತ್ರಿಕೋನಗಳ ಜೊತೆ ಬೇರೆ, ನಟ್ಟುಗಳನ್ನು ಎರಡು ಮಿಮೀ ಸಣ್ಣ ಕಡ್ಡಿಗಳ ಜೊತೆ ಬೇರೆ ಓಡಿಸಿ. ಸಣ್ಣ ಸ್ಟೇನ್‌ಲೆಸ್ ಪಿನ್ನುಗಳೂ ನಟ್ಟಿನೊಳಗೆ ಚೆನ್ನಾಗಿ ಹೋಗುತ್ತವೆ. ಆದರೆ ಅವು ತಿಕ್ಕಿ ಹೊಳಪು ಕೊಡುತ್ತವೆಯೇ ಹೊರತು ದಪ್ಪ ತುಕ್ಕನ್ನು ಕೊರೆಯುವುದಿಲ್ಲ. ಸುತ್ತುವ ಪೀಪಾಯಿಯ ಟಂಬ್ಲರಿನಲ್ಲಿ, ತುಕ್ಕು ಮೊದಲೇ ಕರಗಿಸಿದ ಸಾಮಾನಿಗೆ ಅವು ಸರಿ.

ಊಟ ಮುಗಿಸಿ ಬರುವಷ್ಟರಲ್ಲಿ ಆಗಿದ್ದು

ಇದು ನಿಮ್ಮೊಬ್ಬರ ಗೋಳಲ್ಲ. ಈಗಷ್ಟೇ ಉಜ್ಜಿದ ಉಕ್ಕು ಪೂರ್ತಿ ಬೆತ್ತಲೆ. ಮೇಲೆ ಎಣ್ಣೆಯಿಲ್ಲ, ಜಿಂಕ್ ಇಲ್ಲ. ಅದಕ್ಕೆ ನೀರು ಮತ್ತು ಗಾಳಿ ಒಟ್ಟಿಗೆ ಸಿಕ್ಕರೆ ನಿಮಿಷಗಳಲ್ಲೇ ಕಿತ್ತಳೆ ಪೊರೆ ಕಟ್ಟುತ್ತದೆ. ನೀವು ಬಟ್ಟೆಯ ಮೇಲೆ ಹರಡಿದ್ದು ಕೂಡ ತೊಂದರೆಯನ್ನು ಹೆಚ್ಚಿಸಿತು. ಒದ್ದೆ ಬಟ್ಟೆ ಬೋಲ್ಟಿನ ಕೆಳಗಡೆ ತೇವ ಹಿಡಿದಿಟ್ಟುಕೊಂಡಿತು.

ತೊಳೆಯುವ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ. ಕ್ಷಾರದ ನೀರಿನಲ್ಲಿ ಉಕ್ಕಿಗೆ ತುಕ್ಕು ಹಿಡಿಯುವುದು ಬಹಳ ನಿಧಾನ. ಕೊನೆಯ ಅದ್ದು ಮಾತ್ರ ಕೈ ಸುಡುವಷ್ಟು ಬಿಸಿನೀರಿನಲ್ಲಿ ಆಗಬೇಕು. ಜರಡಿಯಲ್ಲಿ ಹಾಕಿ ಮುಳುಗಿಸಿ, ಬೋಲ್ಟಿಗೇ ಬಿಸಿ ಏರುವ ತನಕ ಬಿಡಿ. ಎತ್ತಿ ಕೊಡವಿದರೆ ತಮ್ಮ ಬಿಸಿಗೆ ತಾವೇ ಒಣಗುತ್ತವೆ. ಉಳಿದ ತೇವಕ್ಕೆ ಹೇರ್ ಡ್ರೈಯರ್ ಹಿಡಿಯಿರಿ. ಎಸೆಯಬೇಡಿ ಎಂದಿದ್ದ ಚಿಪ್ಪಿನ ಪುಡಿ ಕೆಲಸಕ್ಕೆ ಬರುವುದು ಈಗಲೇ. ಇನ್ನೂ ಬೆಚ್ಚಗಿರುವ ಬೋಲ್ಟುಗಳನ್ನು ಒಣ ಪುಡಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಥ್ರೆಡ್‌ನ ಸಂದಿಯ ತೇವವನ್ನೂ ಅದು ಹೀರಿಕೊಳ್ಳುತ್ತದೆ, ಮೇಲೊಂದು ಹೊಳಪೂ ಬರುತ್ತದೆ. ಹೊರಗೆ ತೆಗೆದ ತಕ್ಷಣ ತೆಳ್ಳಗೆ ಎಣ್ಣೆ. ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಸಾಕು, ಎರಡು ದಿನದಲ್ಲಿ ಬೋಲ್ಟಿನ ಮೇಲೆ ಬೆರಳಚ್ಚು ತುಕ್ಕಾಗಿ ಮೂಡುತ್ತದೆ.

ಸ್ನೇಹಿತರ ಮಾತು ಎಷ್ಟು ಸರಿ

ಟಂಬ್ಲರ್ ಥ್ರೆಡ್ ಹಾಳು ಮಾಡುತ್ತದೆ ಎನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ಬೋಗುಣಿಗೆ ಬೋಲ್ಟು ಜಾಸ್ತಿ, ಮೀಡಿಯಾ ಕಡಿಮೆ ಹಾಕಿದರೆ ಒಂದರ ಷಡ್ಭುಜ ತಲೆ ಇನ್ನೊಂದರ ಥ್ರೆಡ್ ತುದಿಗೆ ಬಡಿದು ಕಚ್ಚು ಬೀಳುತ್ತದೆ. ದೊಡ್ಡ ಬೋಲ್ಟಿನ ಜೊತೆ ಎಂ5, ಎಂ6 ಸೇರಿಸಿದರೆ ಪೆಟ್ಟು ತಿನ್ನುವುದು ಚಿಕ್ಕದೇ. ಬೇಕಾಗಿದ್ದಕ್ಕಿಂತ ಜಾಸ್ತಿ ಹೊತ್ತು ಓಡಿಸಿದರೆ ಥ್ರೆಡ್‌ನ ತುದಿಯೂ, ತಲೆಯ ಮೂಲೆಗಳೂ, ತಲೆಯ ಮೇಲಿನ ಗುರುತುಗಳೂ ಸವೆಯುತ್ತವೆ. ಆದರೆ ಅಳತೆ ಸರಿ ಇಟ್ಟು, ತುಕ್ಕು ಬಿಟ್ಟ ಕೂಡಲೇ ನಿಲ್ಲಿಸಿದರೆ ಥ್ರೆಡ್‌ಗೆ ಹೇಳಿಕೊಳ್ಳುವಂಥ ಹಾನಿ ಆಗುವುದಿಲ್ಲ. ಪರೀಕ್ಷೆ ಸುಲಭ. ಅದೇ ಅಳತೆಯ ಹೊಸ ನಟ್ಟನ್ನು ಬೆರಳಿನಿಂದಲೇ ತುದಿಯಿಂದ ಕೊನೆಯ ತನಕ ಓಡಿಸಿ. ಎಲ್ಲೂ ತಡೆಯಬಾರದು, ಗಡಗಡ ಅಲುಗಾಡಲೂಬಾರದು. ಎಲ್ಲೋ ಒಂದು ಕಡೆ ತಡೆದರೆ ಥ್ರೆಡ್ ಸರಿಪಡಿಸುವ ಚೇಸರ್ ಬಳಸಿ. ಹೊಸ ಥ್ರೆಡ್ ಕತ್ತರಿಸುವ ಡೈ ಬೇಡ, ಅದು ಇರುವ ಲೋಹವನ್ನೂ ಕೆರೆದು ಹಾಕುತ್ತದೆ.

ಬೋಲ್ಟಿನ ಬಲ ಹೋಗುತ್ತದೆ ಎನ್ನುವುದು ಬೇರೆ ಮಾತು. ಬಲ ತೆಗೆದಿದ್ದು ತುಕ್ಕು, ಟಂಬ್ಲರ್ ಅಲ್ಲ. ಟಂಬ್ಲರ್ ಅದನ್ನು ಬಯಲಿಗೆ ತಂದಿತು, ಅಷ್ಟೇ. ಮೊದಲು ಹೇಳಿದ ಕಪ್ಪು ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅವು ಕಲೆಗಳಲ್ಲ, ಗುಳಿಗಳು. ಬೋಲ್ಟು ಎಳೆತಕ್ಕೆ ಸಿಕ್ಕಿದಾಗ ಒತ್ತಡವೆಲ್ಲ ಇಂಥ ಗುಳಿಯ ತಳದಲ್ಲಿ ಒಟ್ಟುಗೂಡುತ್ತದೆ. ಮೊದಲೇ ಒತ್ತಡ ಜಾಸ್ತಿ ಇರುವ ಥ್ರೆಡ್‌ನ ತಳದಲ್ಲೇ ಗುಳಿ ಇದ್ದರೆ ಇನ್ನೂ ಕೆಟ್ಟದ್ದು. ಬೈಕಿನಂತೆ ಸದಾ ನಡುಗುವ ಯಂತ್ರದಲ್ಲಿ ಬಿರುಕು ಹುಟ್ಟುವುದೇ ಅಲ್ಲಿ. ತಲೆಯ ಮೇಲೆ, ಮಡ್‌ಗಾರ್ಡ್ ಹಿಡಿಯುವ ಬೋಲ್ಟಿನ ಮೇಲೆ ನಾಲ್ಕು ಗುಳಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಭಾರ ಹೊರುವ ಬೋಲ್ಟಿನ ಥ್ರೆಡ್‌ನಲ್ಲಿ, ತಲೆ ಮತ್ತು ಕಡ್ಡಿ ಸೇರುವ ಕುತ್ತಿಗೆಯಲ್ಲಿ ಒಂದೇ ಗುಳಿ ಕಂಡರೂ ಅದು ಗುಜರಿಗೆ.

ಇನ್ನೊಂದು ಪರೀಕ್ಷೆ ಇದೆ. ಹಳೇ ಬೋಲ್ಟಿನ ಥ್ರೆಡ್ಡನ್ನು ಹೊಸ ಬೋಲ್ಟಿನ ಥ್ರೆಡ್‌ಗೆ ಒತ್ತಿ, ಬೆಳಕಿಗೆ ಹಿಡಿಯಿರಿ. ಎರಡೂ ಹಲ್ಲಿಗೆ ಹಲ್ಲು ಕೂರಬೇಕು. ಸ್ವಲ್ಪ ದೂರ ಹೋಗುತ್ತಿದ್ದಂತೆ ಸಂದಿಯಲ್ಲಿ ಬೆಳಕು ಕಂಡರೆ ಹಳೆಯದು ಎಳೆದು ಉದ್ದವಾಗಿದೆ. ಅದನ್ನು ಎಷ್ಟು ಹೊಳೆಸಿದರೂ ಉಪಯೋಗವಿಲ್ಲ.

ಇನ್ನು ಆಸಿಡ್. ಹತ್ತು ನಿಮಿಷದ ಕೆಲಸ ಎಂದವರು ಹೈಡ್ರೋಕ್ಲೋರಿಕ್ ಆಸಿಡ್ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಅದು ತುಕ್ಕು ತೆಗೆಯುವುದು ನಿಜ. ಆದರೆ ಅದರ ಹೊಗೆ ಆ ಕೋಣೆಯಲ್ಲಿರುವ ನಿಮ್ಮ ಸ್ಪ್ಯಾನರ್, ಡ್ರಿಲ್ ಬಿಟ್ ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ, ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಆಮ್ಲ ಉಕ್ಕನ್ನು ಮುಟ್ಟಿದಾಗ ಹೈಡ್ರೋಜನ್ ಹುಟ್ಟುತ್ತದೆ. ಅದರಲ್ಲಿ ಒಂದು ಪಾಲು ಗುಳ್ಳೆಯಾಗಿ ಮೇಲೆ ಬರದೆ ಉಕ್ಕಿನೊಳಕ್ಕೇ ಹೋಗಿ ಕೂರುತ್ತದೆ. ಗಟ್ಟಿ ಉಕ್ಕು ಇದರಿಂದ ಪೆಡಸಾಗುತ್ತದೆ. ಬೋಲ್ಟು ನೋಡಲು ಚೆನ್ನಾಗಿರುತ್ತದೆ, ಬಿಗಿಮಾಡುವಾಗಲೂ ಸರಿಯಾಗೇ ಇರುತ್ತದೆ. ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು, ಯಾರೂ ಮುಟ್ಟದಿರುವಾಗ, ತಲೆ ಕಳಚಿ ಬೀಳುತ್ತದೆ.

ಎಲ್ಲ ಬೋಲ್ಟಿಗೂ ಈ ಭಯ ಒಂದೇ ಅಲ್ಲ. ತಲೆಯ ಮೇಲಿನ ಅಂಕಿ ನೋಡಿ. 8.8 ಎಂದಿದ್ದರೆ ಮೊದಲ ಅಂಕಿ ಅದು ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತ ತಡೆಯುತ್ತದೆ ಎನ್ನುತ್ತದೆ. ಅದರ 0.8 ಪಾಲಿಗೆ, ಅಂದರೆ 640ಕ್ಕೆ, ಶಾಶ್ವತವಾಗಿ ಹಿಗ್ಗಲು ಶುರು ಎನ್ನುತ್ತದೆ ಎರಡನೆಯದು. 8.8 ಮತ್ತು ಅದಕ್ಕಿಂತ ಮೆತ್ತನೆಯ ಬೋಲ್ಟಿಗೆ ಹೈಡ್ರೋಜನ್ ಭಯ ಕಡಿಮೆ. 10.9 ಇದ್ದರೆ ಎಚ್ಚರಿಕೆ ಬೇಕು. 12.9, ಸ್ಪ್ರಿಂಗ್ ವಾಷರ್, ಸರ್ಕ್ಲಿಪ್ ಇವನ್ನು ಆಮ್ಲದ ಹತ್ತಿರಕ್ಕೂ ಒಯ್ಯಬೇಡಿ. ನಿಂಬೆ ಉಪ್ಪು, ವಿನೆಗರ್ ಕೂಡ ಆಮ್ಲವೇ, ಮನೆಯಲ್ಲಿರುವ ಪದಾರ್ಥ ಎಂಬ ಕಾರಣಕ್ಕೆ ಹೈಡ್ರೋಜನ್ ಸುಮ್ನೆ ಇರುವುದಿಲ್ಲ. ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಹಚ್ಚಿ ತುಕ್ಕು ತೆಗೆಯುವ ವಿಧಾನದಲ್ಲೂ ಬೋಲ್ಟಿನ ಮೇಲೇ ಹೈಡ್ರೋಜನ್ ಹುಟ್ಟುತ್ತದೆ. ಅಲ್ಲೂ ಇದೇ ನಿಯಮ. ಟಂಬ್ಲರಿನ ದೊಡ್ಡ ಗುಣ ಇದೇ ನೋಡಿ: ಸೋಪು ನೀರಿನಲ್ಲಿ ಉಜ್ಜುವುದರಿಂದ ಈ ಅಪಾಯ ಇಲ್ಲ.

ನಿಮ್ಮ ಡಬ್ಬಿಗೆ ನಾನು ಹೇಳುವುದು

ಮೊದಲು ಡಬ್ಬಿಯನ್ನು ವಿಂಗಡಿಸಿ. ಬ್ರೇಕು, ಹ್ಯಾಂಡಲ್, ಫೋರ್ಕು, ಚಕ್ರದ ಆಕ್ಸಲ್, ಎಂಜಿನ್ನಿನ ಕನೆಕ್ಟಿಂಗ್ ರಾಡ್, ಸಿಲಿಂಡರ್ ಹೆಡ್ ಇವುಗಳಿಗೆ ಸೇರಿದ್ದನ್ನೆಲ್ಲ ಬೇರೆ ಇಡಿ. ತುಕ್ಕು ಹಿಡಿದಿದ್ದರೆ ಇವಕ್ಕೆ ಹೊಸದೇ ಹಾಕಿ, ಅದೇ ದರ್ಜೆಯದ್ದು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ನೈಲಾನ್ ಉಂಗುರದ ನಟ್ಟು, ಚಪ್ಪಟೆಯಾದ ಸ್ಪ್ರಿಂಗ್ ವಾಷರ್ ಇವೂ ಹೊಸದೇ ಆಗಲಿ. ಎಲ್ಲ ಕಡೆ ಸಿಗುವ ಸಾದಾ ಎಂ6, ಎಂ8 ಬೋಲ್ಟು ತೀರಾ ಕೆಟ್ಟಿದ್ದರೆ ಅದಕ್ಕೂ ಹೊಸದು ತರುವುದೇ ವಾಸಿ. ಟಂಬ್ಲರಿನ ಶ್ರಮ ಸಲ್ಲುವುದು ತಯಾರಕರ ಗುರುತು ಇರುವ, ವಿಚಿತ್ರ ಉದ್ದದ, ಈಗ ಸಿಗದ ಥ್ರೆಡ್‌ನ ಬೋಲ್ಟುಗಳಿಗೆ. ಹಳೇ ಗಾಡಿ ಅದರದೇ ಸಾಮಾನಿನಲ್ಲಿ ನಿಲ್ಲಬೇಕು ಎನ್ನುವ ಆಸೆ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಆ ಆಸೆ ನನಗೂ ಅರ್ಥವಾಗುತ್ತದೆ.

ಉಳಿದವುಗಳಲ್ಲಿ 8.8ರ ತನಕದ ಬೋಲ್ಟಿಗೆ, ನಿಮ್ಮ ಒಣ ಯಂತ್ರವನ್ನೇ ಇಟ್ಟುಕೊಂಡು ಮಾಡುವ ದಾರಿ ಇದೆ. ಲೀಟರ್ ಬೆಚ್ಚನೆ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು. ಗ್ರೀಸ್ ತೆಗೆದ ಬೋಲ್ಟುಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಸಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಗಾಳಿಯಾಡುವ ಕಡೆ ಇಡಿ. ಗಂಟೆಗೊಮ್ಮೆ ಒಂದು ಬೋಲ್ಟು ತೆಗೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಿ. ತುಕ್ಕು ಕಪ್ಪು ಕೆಸರಾಗಿ ಬಿಟ್ಟು ಬರುತ್ತಿದ್ದರೆ ಮುಗಿಯಿತು. ರಾತ್ರಿಯಿಡೀ ಬಿಡಬೇಡಿ. ತುಕ್ಕು ಕರಗಿದ ಮೇಲೆ ಆಮ್ಲ ಉಕ್ಕನ್ನೇ ತಿನ್ನುತ್ತದೆ. ತೆಗೆದವನ್ನು ವಾಷಿಂಗ್ ಸೋಡಾ ನೀರಿಗೆ ಹಾಕಿ, ನೊರೆ ನಿಂತ ಮೇಲೆ ಬಿಸಿನೀರು, ಆಮೇಲೆ ಚಿಪ್ಪಿನ ಪುಡಿಯ ಟಂಬ್ಲರ್, ಆಮೇಲೆ ಎಣ್ಣೆ. ನಟ್ಟಿನ ಒಳಗಿಗೂ ಇದು ಒಳ್ಳೆಯ ವಿಧಾನ. ದ್ರವ ಹೋಗದ ಸಂದಿಯಿಲ್ಲ. 10.9ರವನ್ನು ಉಳಿಸಿಕೊಳ್ಳಲೇಬೇಕಾದರೆ ಒದ್ದೆ ಸೆರಾಮಿಕ್, ಇಲ್ಲವೇ ಆಮ್ಲವಿಲ್ಲದ, ಪಿಎಚ್ 7ರ ಆಸುಪಾಸಿನ ಚೀಲೇಟಿಂಗ್ ದ್ರಾವಣ, ಅಂದರೆ ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸುವ ದ್ರವ, ಬಳಸಿ. ನಿಧಾನ, ಆದರೆ ಉಕ್ಕಿಗೆ ಹಿಂಸೆಯಿಲ್ಲ. ಗ್ರೈಂಡರಿನ ತಂತಿ ಚಕ್ರಕ್ಕೆ ಬೆರಳಲ್ಲಿ ಬೋಲ್ಟು ಹಿಡಿದು ಉಜ್ಜುವವರಿದ್ದಾರೆ. ಚಕ್ರ ಬೋಲ್ಟನ್ನು ಕಿತ್ತು ಎಸೆಯುತ್ತದೆ, ಮುರಿದ ತಂತಿ ಕಣ್ಣಿಗೆ ಹಾರುತ್ತದೆ. ಅದನ್ನು ಮಾಡಲೇಬೇಕಾದರೆ ಕನ್ನಡಕ, ಇಕ್ಕಳ ಎರಡೂ ಇಲ್ಲದೆ ಬೇಡ.

ಟಂಬ್ಲರ್ ಇರಲಿ, ಆಮ್ಲ ಇರಲಿ, ಅಳಿದುಳಿದ ಜಿಂಕ್ ಪದರ ಹೋಗುತ್ತದೆ. ಸಾದಾ ಬೋಲ್ಟಿನ ಮೇಲೆ ಆ ಪದರ ಇರುವುದೇ ಕೆಲವು ಮೈಕ್ರಾನ್. ಹಾಗಾಗಿ ಶುಚಿ ಮಾಡಿದ ಬೋಲ್ಟು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಎಣ್ಣೆ, ಮೇಣ, ಬಣ್ಣ ಅಥವಾ ಹೊಸ ಪ್ಲೇಟಿಂಗ್ ಏನಾದರೊಂದು ಬೇಕೇ ಬೇಕು. ಪ್ಲೇಟಿಂಗ್‌ಗೆ ಕೊಡುವಾಗ 10.9 ಇದ್ದರೆ ಹೇಳಿಯೇ ಕೊಡಿ. ಅಲ್ಲೂ ಆಮ್ಲದ ತೊಟ್ಟಿ ಇರುತ್ತದೆ. ಗಟ್ಟಿ ಬೋಲ್ಟುಗಳನ್ನು ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿ ಹೈಡ್ರೋಜನ್ ಹೊರಗೆ ಹಾಕುತ್ತಾರೆ.

ಜೋಡಿಸುವಾಗ ಒಂದು ಮಾತು. ಬೋಲ್ಟಿಗೆ ನೀವು ಕೊಡುವ ಟಾರ್ಕಿನಲ್ಲಿ, ಅಂದರೆ ತಿರುಗಿಸುವ ಬಲದಲ್ಲಿ, ಸುಮಾರು ಅರ್ಧ ತಲೆಯ ಕೆಳಗಿನ ಘರ್ಷಣೆಗೆ, ನೂರಕ್ಕೆ ಇನ್ನೊಂದು 40 ಭಾಗ ಥ್ರೆಡ್‌ನ ಘರ್ಷಣೆಗೆ ಖರ್ಚಾಗುತ್ತದೆ. ನಿಜವಾದ ಬಿಗಿತಕ್ಕೆ ಸಿಗುವುದು ನೂರಕ್ಕೆ ಹತ್ತರಷ್ಟು. ತುಕ್ಕಿನ ಥ್ರೆಡ್‌ನಲ್ಲಿ ಟಾರ್ಕ್ ರೆಂಚ್ ಕಟ್ ಎಂದರೂ ಬೋಲ್ಟು ಬಿಗಿಯಾಗಿರುವುದಿಲ್ಲ. ಅದಕ್ಕೇ ಶುಚಿ ಮಾಡುವುದು ಬರೀ ಅಂದಕ್ಕಲ್ಲ. ಆದರೆ ಒಣ ಥ್ರೆಡ್‌ಗೆ ಕೈಪಿಡಿ ಹೇಳಿದ ಟಾರ್ಕನ್ನೇ ಶುಚಿ ಮಾಡಿ ಎಣ್ಣೆ ಹಚ್ಚಿದ ಬೋಲ್ಟಿಗೆ ಕೊಟ್ಟರೆ ಬಿಗಿತ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗಿ ಥ್ರೆಡ್ ಕಿತ್ತು ಬರಬಹುದು. ಕೈಪಿಡಿ ಒಣಗಿರಬೇಕು ಎನ್ನುತ್ತದೋ ಎಣ್ಣೆ ಎನ್ನುತ್ತದೋ ನೋಡಿ, ಹಾಗೇ ಮಾಡಿ.

ಇಡೀ ದಿನ ಒಣದಾಗಿ ಓಡಿಸಿದ್ದೀರಿ ಎಂದು ಓದಿದಾಗ ನನಗೆ ಧೂಳಿನ ಚಿಂತೆಯಾಯಿತು. ಮುಚ್ಚಳ ಹಾಕಿಯೇ ಓಡಿಸಿ, ಪುಡಿ ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ, ಅದೂ ಮನೆಯ ಹೊರಗೆ. ಮೀಡಿಯಾ ಬದಲು ಮರಳು ಹಾಕುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಮರಳಿನ ನುಣ್ಣನೆ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಹಳೇ ಸಾಮಾನಿನ ಮೇಲೆ ಚಿನ್ನದಂಥ ಹಳದಿ ಪದರ ಇದ್ದರೆ ಅದು ಹಳದಿ ಜಿಂಕ್ ಇರಬಹುದು, ಕ್ಯಾಡ್ಮಿಯಂ ಇರಬಹುದು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಡ್ಮಿಯಂ ಧೂಳು ವಿಷ. ಅಂಥವನ್ನು ಒಣ ಟಂಬ್ಲರಿಗೂ ಹಾಕಬೇಡಿ, ತಂತಿ ಚಕ್ರಕ್ಕೂ ಹಿಡಿಯಬೇಡಿ, ಆಮ್ಲದಲ್ಲೂ ಮುಳುಗಿಸಬೇಡಿ. ಅವುಗಳ ಬದಲು ಹೊಸದು ತನ್ನಿ. ತೊಳೆದ ಕೆಸರು ನೀರನ್ನು ಮೋರಿಗೆ ಸುರಿಯುವ ಬದಲು ಬಕೆಟ್ಟಿನಲ್ಲಿ ಒಂದು ದಿನ ತಿಳಿಯಾಗಲು ಬಿಡಿ. ತಳದ ಕೆಸರು ಒಣಗಿದ ಮೇಲೆ ಚೀಲಕ್ಕೆ ಕಟ್ಟಿ, ಹಳೇ ಎಂಜಿನ್ ಆಯಿಲ್, ಬ್ಯಾಟರಿ ತೆಗೆದುಕೊಳ್ಳುವ ಅಪಾಯಕಾರಿ ಕಸದ ಜೊತೆ ಕೊಡಿ. ಸೀಮೆಎಣ್ಣೆ ತೊಳೆದ ನೀರನ್ನು ಮಾತ್ರ ಇದಕ್ಕೆ ಬೆರೆಸದೆ ಬೇರೆ ಡಬ್ಬಿಯಲ್ಲಿಡಿ.